ಬೀಗದಕ್ಕ

ಲಾಭದ ಆಸೆಯಿಲ್ಲದೆ ನಡೆಯುವ ಆ ಕಲಾ ಗ್ಯಾಲರಿಯ ಮಹಡಿಯಲ್ಲಿ ಕಲಾವಿದರಿಗೆ ಅಗ್ಗದ ಬಾಡಿಗೆಗೆ ಕೊಟ್ಟ ಕೋಣೆಗಳಿವೆ. ಅವುಗಳ ಉಸ್ತುವಾರಿ ನೋಡಿಕೊಳ್ಳುವಾಕೆಯನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಆಕೆಯ ಸೊಂಟದ ಕೀಲಿಗೊಂಚಲು ಸದ್ದು ಮಾಡಿದರೆ ಸಾಕು, ತೂಕಡಿಸುತ್ತಿದ್ದ ಶಿಲ್ಪಿಯೂ ಉಳಿ ಹಿಡಿಯುತ್ತಾನೆ. ಚಿತ್ರ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಒಣಗಿದ್ಯೇನಪ್ಪಾ? ಗೋಡೆಗೆ ತಾಗಿಸ್ಬೇಡ" ಎನ್ನುವುದಷ್ಟೇ ಆಕೆಯ ವಿಮರ್ಶೆ. ಒಳಗೆ ಕೆಲಸ ನಡೆದಿದೆಯೋ ಇಲ್ಲವೋ ಎಂದು ತಿಳಿಯಲು ಆಕೆ ಬಾಗಿಲು ತಟ್ಟುವುದಿಲ್ಲ, ಹಿಡಿಕೆ ಮುಟ್ಟಿ ನೋಡುತ್ತಾಳೆ. ಹಸಿ ಬಣ್ಣ ಬೆರಳಿಗೆ ಹತ್ತಿದರೆ ಸರಿ, ಇಲ್ಲವಾದರೆ ಹುಬ್ಬು ಗಂಟಿಕ್ಕುತ್ತಾಳೆ. ಗ್ಯಾಲರಿ ಸಮಿತಿಯ ಅಧ್ಯಕ್ಷರಿಗೆ ಈ ಉಪಾಯ ಕಲಿಸಿದವಳೂ ಆಕೆಯೇ. ಕೆಲಸ ಮಾಡದವರ ಕೋಣೆ ಕಾದಿರುವ ಇನ್ನೊಬ್ಬರಿಗೆ ಹೋಗಬೇಕೆಂಬುದು ಅಲ್ಲಿನ ನಿಯಮ, ಆ ವಿಷಯದಲ್ಲಿ ಆಕೆ ಯಾರ ಮುಲಾಜಿಗೂ ಬಗ್ಗಿದವಳಲ್ಲ. ಮೂಲೆಯ ಕೋಣೆಯ ಹುಡುಗಿ ಮಾತ್ರ ತಾಯಿ ತೀರಿಕೊಂಡಾಗಿನಿಂದ ಕುಂಚ ಮುಟ್ಟದೆ, ಖಾಲಿ ಕ್ಯಾನ್ವಾಸಿನೆದುರು ಸುಮ್ಮನೆ ಕೂತಿರುತ್ತಾಳೆ. ಮೊನ್ನೆ ತಪಾಸಣೆಗೆ ಬಂದ ಅಧ್ಯಕ್ಷರು ಆ ಬಾಗಿಲಿನ ಹಿಡಿಕೆ ಹಿಡಿದರು, ಅಂಗೈ ನೀಲಿಯಾಯಿತು. "ಇಲ್ಲಿ ಕೆಲಸ ಜೋರಾಗಿದೆ ಕಣಮ್ಮಾ!" ಎಂದು ನಗುತ್ತಾ ಒಳಗೆ ಇಣುಕದೆ ಮುಂದೆ ಹೊರಟರು. "ಹೂಂ ಸಾರ್, ಕೈ ಒರೆಸ್ಕೊಳ್ಳಿ" ಎಂದು ಬೀಗದಕ್ಕ ಎಡಗೈಯಿಂದ ಬಟ್ಟೆ ಕೊಟ್ಟಳು. ನೀಲಿ ಹತ್ತಿದ ತನ್ನ ಬಲಗೈಯನ್ನು ಮೇಲಂಗಿಯ ಜೇಬಿನಿಂದ ತೆಗೆಯಲೇ ಇಲ್ಲ.