ನಾಲ್ಕು ಬಣ್ಣದ ಬೆನ್ನು

ಹಾವೇರಿಯ ಚಿತ್ರಪ್ರದರ್ಶನದಲ್ಲಿ ಗೋಡೆಯ ತುಂಬ ಹರಡಿದ್ದ ಚಿತ್ರದ ಮುಂದೆ ನಿಂತು ನನ್ನ ಹಳೆಯ ಗಿರಾಕಿ ಕಾಶವ್ವ ಕೂಗಿಬಿಟ್ಟಳು: "ಏ, ಇದು ನನ್ನ ಬೆನ್ನಲ್ಲೇನ!"

ಬ್ಯಾಡಗಿಯಲ್ಲಿ ಪೋಲ್ಕಾ, ಅಂದರೆ ಸೀರೆಯ ರವಿಕೆ, ಹೊಲಿಯುವ ನಾನು ಅಳತೆ ಪುಸ್ತಕದಲ್ಲಿ ಗಿರಾಕಿಯ ಹೆಸರು ಬರೆಯುವುದಿಲ್ಲ. ಬೆನ್ನಿನ ಚಿತ್ರ ಬರೆಯುತ್ತೇನೆ, ವಾರೆ ಭುಜ, ಮಚ್ಚೆ ಸಮೇತ. ಚಿತ್ರಕಲೆ ಓದುವ ನನ್ನ ಮಗಳು ಅದರಲ್ಲಿದ್ದ ಕಾಶವ್ವನ ಬೆನ್ನನ್ನೇ ಹಿಗ್ಗಿಸಿ, ಮೆಣಸಿನಕಾಯಿ ಕೆಂಪಿನಿಂದ ಹಿಡಿದು ನಾಲ್ಕು ಬಣ್ಣಗಳ ಪೋಲ್ಕಾ ತೊಡಿಸಿ ನಾಲ್ಕು ಸಲ ಮೂಡಿಸಿದ್ದಳು. ಅಂಗಡಿಗಳ ಜಾಹೀರಾತಿಗೆ ಬಟ್ಟೆ, ಬೂಟಿನ ಚಿತ್ರ ಬರೆದುಕೊಡುತ್ತಿದ್ದವರಿಂದಲೇ ಪಾಪ್ ಆರ್ಟ್ ಎಂಬ ಚಿತ್ರಶೈಲಿ ಬೆಳೆಯಿತು ಎಂದು ಅವಳ ವಾದ. ಬೆಳೆಯಲಿ, ನನ್ನ ಗಿರಾಕಿ ಹೋಗುತ್ತಾಳಲ್ಲ!

"ತಪ್ಪಾತ್ರಿ ಯವ್ವಾ, ಈಗ ಇಳಸಾಕ ಹೇಳ್ತೇನಿ."

"ಇಳಿಸಿದಿ ಅಂದ್ರ ನೋಡ್ ಮತ್ತ!" ಎಂದ ಕಾಶವ್ವ, ಸೆರಗು ಸರಿಸಿ ಬೆನ್ನು ತಿರುಗಿಸಿ, ಬಂದವರಿಗೆಲ್ಲ ಹೋಲಿಕೆ ತೋರಿಸುತ್ತ ನಿಂತಳು. ಆಮೇಲೆ ನನ್ನನ್ನೇ ಹಿಡಿದಳು: "ಚಿತ್ರದಾಗ ನಾಲ್ಕೂ ಪೋಲ್ಕಾ ಎಷ್ಟ ಚಂದ ಕುಂತಾವ! ನೀ ಹೊಲದಿದ್ದು ಬಗಲಾಗ ಯಾಕ ಹಿಡಿತೈತಿ?"

ಈಗ ನನ್ನ ಗಿರಾಕಿಗಳು ನಾನು ಟೇಪು ತೆಗೆಯುವ ಮೊದಲೇ ಬೆನ್ನು ತಿರುಗಿಸಿ, ಜಡೆ ಮುಂದಕ್ಕೆ ಹಾಕಿ, ಚಿತ್ರಕ್ಕೆಂದು ಉಸಿರು ಬಿಟ್ಟು ಮೈ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ. ಬೆನ್ನೇನೋ ಚಂದ ಮೂಡುತ್ತದೆ. ಪೋಲ್ಕಾ ಮಾತ್ರ ಎಲ್ಲರಿಗೂ ಬಿಗಿ.