ಮೇಲಿನ ದಿಕ್ಕಿನ ಗಡಿ

ಆ ವರ್ಷ ನಮ್ಮ ಜೈನ ಮುನಿಗಳ ಚಾತುರ್ಮಾಸ ಮೂಡಲಗಿಯಲ್ಲಿತ್ತು. ಅವರು ಹುಕ್ಕೇರಿಯಿಂದ ಬರಿಗಾಲಲ್ಲಿ ನಡೆದೇ ಹೋಗಿದ್ದರು. ದರ್ಶನಕ್ಕೆಂದು ನಾವು ಜೀಪಿನಲ್ಲಿ ಹೋದೆವು. ಅಲ್ಲಿಯೇ ನಾನೂ ನನ್ನ ತಮ್ಮನ ಹೆಂಡತಿಯೂ ಒಟ್ಟಿಗೆ ದಿಗ್ವ್ರತ ಹಿಡಿದೆವು. ಬದುಕಿರುವ ತನಕ ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗುವುದೆಂದು ನಾವೇ ಗಡಿ ಹಾಕಿಕೊಳ್ಳುವ ವ್ರತ ಅದು. ಗಡಿಯಾಚೆಯ ಜೀವಗಳಿಗೆ ನಮ್ಮಿಂದ ಹಿಂಸೆಯಾಗಬಾರದೆಂದು. ಜತೆಗೆ ಸೀರೆ, ಪಾತ್ರೆ, ಬಂಗಾರಕ್ಕೂ ಒಂದು ಲಿಮಿಟ್.

ಯಜಮಾನರು ತೀರಿಕೊಂಡ ಮೇಲೆ ಗೋಕಾಕದಲ್ಲಿ ಒಂಟಿಯಾಗಿದ್ದ ನನಗೆ ಫ್ರೆಂಡ್ ಅಂತ ಇದ್ದವಳು ಅವಳೊಬ್ಬಳೇ. ಹುಕ್ಕೇರಿಯಿಂದ ಬಸ್ಸು ಹತ್ತಿ ಬಂದು, ನನ್ನ ಮಂಚದ ಮೇಲೆ ಕಾಲು ಚಾಚಿ, ನನ್ನ ಕಾನ್ವೆಂಟ್ ಇಂಗ್ಲಿಷನ್ನು ಅಣಕಿಸಿ ನಗಿಸುತ್ತಿದ್ದಳು.

ಆಮೇಲೆ ತಮ್ಮನ ಬೆಲ್ಲದ ವ್ಯಾಪಾರ ಕುದುರಿತು. ಮದುವೆಯ ಸಿಲ್ವರ್ ಜ್ಯುಬಿಲಿಗೆ ಸಿಂಗಾಪುರ ಎಂದ. ಸುದ್ದಿ ತಂದವಳು ಅವಳೇ.

“ಅಕ್ಕಾರ, ನಿಮ್ಮ ಟಿಕೀಟೂ ತಗದಾರ. ಒಲ್ಲೆ ಅನಬ್ಯಾಡ್ರಿ.”

“ಮತ್ತ ವ್ರತ? ಸಿಂಗಾಪುರ ನಮ್ಮ ಗಡಿ ಆಚಿಗೈತಲ್ಲ.”

“ನೆಲದ ಮ್ಯಾಲಿನ ಗಡಿ ನಾವೆಲ್ಲಿ ತುಳೀತೇವ್ರಿ? ಮ್ಯಾಲಿಂದ ಹಾರಿ ಹೋಗ್ತೇವಿ!”

ನನಗೂ ನಗು ಬಂತು. “ಮ್ಯಾಲಿನ ದಿಕ್ಕಿಗೂ ಗಡಿ ಹಾಕೇವಲ್ಲ. ಬಸದಿ ಗುಡ್ಡದ ತುದಿತನಕ ಅಷ್ಟ.”

“ಬಂದ್ಮ್ಯಾಲ ಪ್ರಾಯಶ್ಚಿತ್ತ ತಗೊಂಡ್ರಾತು.”

ವಿಮಾನದ ಹೊಗೆ ಎತ್ತರದಲ್ಲೇ ನಿಂತು ಭೂಮಿಯ ಬಿಸಿ ಏರಿಸುತ್ತದೆಂದು ಆಗಷ್ಟೇ ಯಾವುದೋ ಇಂಗ್ಲಿಷ್ ಮ್ಯಾಗಜಿನ್‌ನಲ್ಲಿ ಓದಿದ್ದೆ. ಹೇಳಿದೆ. “ಹುಳ ಸತ್ತಾವಂತ ನೀರ ಸೋಸಿ ಕುಡಿಯೋ ಮಂದಿ ನಾವು. ಆ ಹೊಗಿಗೆ ಎಷ್ಟ ಜೀವ ಹೋಗ್ತಾವೋ!”

“ನೀವೊಬ್ರು ಹತ್ಲಿಲ್ಲಂದ್ರ ಇಮಾನ ನಿಲ್ಲತೈತೇನ್ರಿ?”

“ನಿಲ್ಲಂಗಿಲ್ಲ.”

“ಮತ್ತ?”

ನನ್ನ ಟಿಕೀಟು ಕ್ಯಾನ್ಸಲ್ ಮಾಡಿಸೆಂದೆ. ಅವರಿಬ್ಬರೇ ಹೋದರು.

ತಿರುಗಿ ಬಂದವಳು ದೊಡ್ಡ ಸೂಟ್‌ಕೇಸನ್ನೇ ಎಳೆದುಕೊಂಡು ನನ್ನ ಮನೆಗೆ ಬಂದಳು. ಸೆಂಟು, ನಾನ್‌ಸ್ಟಿಕ್ ತವೆ, ತರಕಾರಿ ಕೊಚ್ಚುವ ಮಷಿನ್ನು, ಜರ್ಜೆಟ್ ಸೀರೆಗಳು. ಇವೆಲ್ಲ ನಮ್ಮ ಬಜಾರಿನಲ್ಲೂ ಸಿಗುತ್ತಿದ್ದವು, ಬೇಕಾಗಿರಲಿಲ್ಲ, ಅಷ್ಟೇ. ನವಿಲುಬಣ್ಣದ್ದೊಂದು ಸೀರೆ ನನ್ನ ಮಡಿಲಿಗಿಟ್ಟಳು.

“ನನ್ನ ಲಿಮಿಟ್ ಮುಗದೈತವಾ. ನೀನ ಉಡು.”

ಅವಳ ಕೈ ಹಾಗೇ ನಿಂತಿತು. “ಅಂದ್ರ ನಾ ಪಾಪ ಮಾಡಿ ಬಂದೇನಿ ಅಂದಂಗಾತು.”

“ನಾ ಹಂಗಂದಿಲ್ಲ.”

“ಬಾಯಿಲೆ ಅನ್ನಬೇಕೇನ್ರಿ? ನಿಮ್ಮ ಮಾರಿನ ಹೇಳಾಕತ್ತೈತಿ.”

ಸೀರೆ ಎತ್ತಿಕೊಂಡು ಹೊರಟಳು. ಕಾಸಿಟ್ಟ ಚಹಾ ಹಾಗೆಯೇ ಉಳಿಯಿತು.

ಮರುವರ್ಷ ಹುಕ್ಕೇರಿಯ ಚಾತುರ್ಮಾಸದಲ್ಲಿ ಅವಳು ಎದ್ದುನಿಂತು ಪ್ರಾಯಶ್ಚಿತ್ತ ಕೇಳಿದಳು. ವ್ರತವನ್ನೂ ಹೊಸದಾಗಿ ಹಿಡಿದಳು. ಪೂರ್ವಕ್ಕೆ ಜಪಾನು, ಪಶ್ಚಿಮಕ್ಕೆ ಅಮೆರಿಕಾ, ಮೇಲಕ್ಕೆ ವಿಮಾನ ಹಾರುವಷ್ಟು. ಸುತ್ತಲಿನ ಹೆಂಗಸರು ಭಕ್ತಿಯಿಂದ ಕೈ ಮುಗಿದರು. ಎಲ್ಲರ ಜತೆ ನಾನೂ ಮುಗಿದೆ. ಅವಳು ಬೇಕೆಂದೇ ಇನ್ನೊಂದು ಸಾಲಿನಲ್ಲಿ ಕೂತಿದ್ದಳು.

ಅಷ್ಟು ಅಗಲದ ಗಡಿಯೊಳಗೆ ಗೋಕಾಕವೂ ಇದೆ. ಅವಳು ಮಾತ್ರ ಬರುವುದಿಲ್ಲ.