ನಿಂತ ಬೋಟಿನ ಇಂಜಿನ್ ಗಂಟೆಗಳು

ಮಂಜೀರಾ ಹಿನ್ನೀರಿನಲ್ಲಿ ಸುತ್ತಾಡಲೆಂದು ನಾನೂ ನನ್ನ ತಮ್ಮನೂ ಸೇರಿ ಹಳೆಯದೊಂದು ಡೀಸೆಲ್ ಬೋಟ್ ಕೊಂಡಿದ್ದೆವು. ನನ್ನ ನೌಕರಿ ಜಹೀರಾಬಾದಿನಲ್ಲಿ. ಬೋಟ್ ನ್ಯಾಲ್ಕಲ್ ಕಡೆಯ ದಡದಲ್ಲಿರುತ್ತಿತ್ತು, ಓಡಿಸುವವನು ತಮ್ಮ. ಬೋಟಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಇಂಜಿನ್ ಎಷ್ಟು ಗಂಟೆ ಓಡಿತೆಂದು ನೋಡಿಯೇ ಆಯಿಲ್ ಬದಲಿಸಬೇಕು ಎಂದು ಬೀದರಿನ ಮೆಕ್ಯಾನಿಕ್ ಹೇಳಿದ್ದ. ಹಾಗಾಗಿ ಗಂಟೆ ಮೀಟರಿನ ಅಂಕಿಯನ್ನೂ ಹಾಕಿಸಿದ ಡೀಸೆಲನ್ನೂ ಬರೆದಿಡುವ ಕೆಲಸ ನನ್ನದಾಯಿತು.

ಆ ಬೇಸಿಗೆಯಲ್ಲಿ ಅಂಕಿಗಳು ಒಂದಕ್ಕೊಂದು ಕೂಡಲಿಲ್ಲ. ಗಂಟೆಗಳು ಬೇಗ ಬೇಗ ಏರುತ್ತಿದ್ದವು, ಡೀಸೆಲ್ ಮಾತ್ರ ಅಷ್ಟು ಖರ್ಚಾಗುತ್ತಿರಲಿಲ್ಲ. ಮೀಟರಿನ ಗಾಜಿನ ಮೇಲೆ ಯಾರೋ ಗುಟ್ಕಾ ಉಗುಳಿದ್ದು ಒಣಗಿತ್ತು. ಉಗುರಿನಿಂದ ಕೆರೆದು ಅಂಕಿ ಓದಿದೆ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಆ ಕೈಯಿಂದ ಊಟ ಮಾಡಲು ಮನಸ್ಸಾಗಲಿಲ್ಲ.

"ಮೀಟರ್ ಖರಾಬ್ ಆಗ್ಯಾದ ಅಕ್ಕಾ," ಎಂದ ತಮ್ಮ, ಮೊಬೈಲಿನಿಂದ ತಲೆಯೆತ್ತದೆ.

ಮೆಕ್ಯಾನಿಕ್ಕನನ್ನು ಕರೆಸಿದೆ. "ಮೀಟರ್ ಛಲೋ ಅದರಿ," ಎಂದ ಅವನು. "ಬೋಟ್ ಒಂದೇ ಕಡಿ ನಿಂದ್ರಿಸಿ ಇಂಜಿನ್ ಚಾಲೂ ಇಡ್ತಾರ. ಹಂಗ ಇಟ್ರ ತಾಸು ಏರ್ತಾವ, ಡೀಸೆಲ್ ಕಮ್ಮಿ ಕುಡೀತದ."

ಯಾಕೆ ನಿಲ್ಲಿಸುತ್ತಾರೆಂದು ನೋಡಲು ಒಂದು ದಿನ ರಜೆ ಹಾಕಿ, ಆಟೋ ಹಿಡಿದು ಹೋದೆ. ಬೋಟ್ ನಡುನೀರಿನಲ್ಲಿ ನಿಂತಿತ್ತು. ತಮ್ಮನೂ ಅವನ ಗೆಳೆಯರೂ ಇಂಜಿನ್ ಕರೆಂಟಿನಿಂದ ಸೌಂಡ್ ಬಾಕ್ಸ್ ಹಚ್ಚಿಕೊಂಡು ಕುಡಿಯುತ್ತಿದ್ದರು. ತಿಂದ ಪ್ಲೇಟುಗಳು, ಕೋಳಿಯ ಎಲುಬು ಎಲ್ಲವನ್ನೂ ನೀರಿಗೆ ಎಸೆಯುತ್ತಿದ್ದರು. ಒಬ್ಬ ಅಂಚಿಗೆ ಬಂದು ನಿಂತು ಅದೇ ನೀರಿಗೆ ಮೂತ್ರ ಮಾಡಿದ. ದಡಕ್ಕೆ ಬಂದ ಮೇಲೆ ಬೋಟಿನ ತಳದಲ್ಲಿ ಸೇರಿಕೊಂಡಿದ್ದ, ಡೀಸೆಲೂ ಎಂಜಲೂ ಕಲೆತ ಕಪ್ಪು ನೀರನ್ನು ತಮ್ಮ ಬಕೆಟ್ಟಿನಿಂದ ಮೊಗೆದು ಹೊರಗೆ ಚೆಲ್ಲಿದ. ಜಿಡ್ಡು ಬಣ್ಣಬಣ್ಣವಾಗಿ ಹರಡಿತು.

"ಈ ನೀರು ಮಂದಿ ಕುಡೀತಾರ," ಎಂದೆ.

"ಫಿಲ್ಟರ್ ಮಾಡಿ ಬಿಡ್ತಾರಲ್ಲ ಅಕ್ಕಾ."

ಚಾವಿ ಕಿತ್ತುಕೊಂಡೆ. ಬೋಟ್ ಮಾರುವುದೆಂದು ತೀರ್ಮಾನಿಸಿದೆ. ತಾಂಡೂರಿನಿಂದ ಒಬ್ಬರು ನೋಡಲು ಬಂದರು. ಎಷ್ಟೋ ಗಂಟೆ ಬೋಟ್ ನಿಂತಲ್ಲೇ ಇಂಜಿನ್ ಓಡಿದೆ, ಯಾಕೆ ಓಡಿದೆ ಎಂದು ಮುಚ್ಚಿಡದೆ ಹೇಳಿದೆ.

ಅವರು ನಕ್ಕರು. "ಅದಕ್ಕೇನಾತ್ರಿ ಅಕ್ಕಾರ? ನಾವೂ ಪಾರ್ಟಿ ಮಾಡಾಕೇ ತಗೊಳ್ಳೋದು."

ಅವರಿಗೆ ಕೊಡಲಿಲ್ಲ. ಇಂಜಿನ್ ಬಿಚ್ಚಿಸಿ, ಮೊಗುಡಂಪಲ್ಲಿಯ ರೈತರೊಬ್ಬರಿಗೆ ನೀರೆತ್ತುವ ಪಂಪಿಗೆಂದು ಕೊಟ್ಟೆ. ಖಾಲಿ ಬೋಟನ್ನು ಗುಜರಿಯವನು ಒಯ್ದ. ಇಂಜಿನ್ನನ್ನು ರೈತರ ಜೀಪಿಗೇರಿಸುವಾಗ ತಮ್ಮ ಒಂದು ಬದಿಗೆ ಕೈ ಹಚ್ಚಿದ. ಅವನನ್ನು ಸಮಾಧಾನ ಮಾಡಬೇಕೆಂದು ನನಗೆ ಅನ್ನಿಸಲಿಲ್ಲ.